ಸ್ಟೀರಾಯ್ಡ್ ಇನ್‌ಹೇಲರ್ ಮತ್ತು ಟೀಚರ್ ಗಂಟಲು

ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಬಿಲ್ಡಿಂಗ್‌ನಲ್ಲಿ ನಾಲ್ಕೈದು ಕನ್ನಡದ ಮನೆಗಳಿವೆ. ಯಾರಿಗೆ ಬಿಪಿ, ಯಾರಿಗೆ ಶುಗರ್ ಅಂತ ಎಲ್ಲರಿಗೂ ಗೊತ್ತು. ಇನ್‌ಹೇಲರ್ ಮಾತ್ರ ಸೆರಗಿನ ಮರೆಯಲ್ಲಿ. ಅದರಲ್ಲಿ ಸ್ಟೀರಾಯ್ಡ್ ಇದೆ ಅಂತ ಗೊತ್ತಾದರಂತೂ ಮುಗಿಯಿತು. ಮುಖ ಊದುತ್ತದೆ, ಮೂಳೆ ಸವೆಯುತ್ತದೆ, ಒಮ್ಮೆ ಹಿಡಿದರೆ ಬಿಡುವುದಿಲ್ಲ ಎಂದು ಹೆದರಿಸುವವರು ಮನೆಗೊಬ್ಬರು.

ನನಗೆ ಮದುವೆಗೆ ಮುಂಚಿನಿಂದಲೂ ದಮ್ಮು ಇದೆ. ಮುಂಬೈಯ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ, ಗದ್ದಲ ಇಳಿದಿಲ್ಲ. ಬುಡೆಸೊನೈಡ್ ಎಂಬ ಸ್ಟೀರಾಯ್ಡ್ ಇರುವ ಇನ್‌ಹೇಲರ್ ಬೆಳಿಗ್ಗೆ ಮತ್ತು ರಾತ್ರಿ ಎಳೆದುಕೊಳ್ಳುತ್ತೇನೆ. ಅದರ ಅಡ್ಡಪರಿಣಾಮಗಳನ್ನು ನಾನು ಹೇಗೆ ನಿಭಾಯಿಸಿದೆ ಅನ್ನುವುದಷ್ಟೇ ಈ ಬರಹ. ನಿಮ್ಮ ಡೋಸ್ ಎಷ್ಟಿರಬೇಕು ಅನ್ನುವುದು ನಿಮ್ಮ ಡಾಕ್ಟರಿಗೆ ಬಿಟ್ಟದ್ದು.

ಗದಗಿನಿಂದ ಅತ್ತೆ ಒಮ್ಮೆ ಫೋನ್ ಮಾಡಿ, "ಯವ್ವಾ, ಜಿಮ್ಮಿಗೆ ಹೋಗೋ ಹುಡುಗರು ಚುಚ್ಚಿಸಿಕೊಳ್ತಾರಲ್ಲ, ಅದನ್ನ ನೀ ಯಾಕ ತಗೊಳ್ತಿ?" ಎಂದು ಕೇಳಿದರು. "ಅದು ಬ್ಯಾರೆ, ಇದು ಬ್ಯಾರೆ ರೀ ಅತ್ತಿ" ಅಂದೆ. ಜಿಮ್ಮಿನದು ಮಾಂಸಖಂಡ ಬೆಳೆಸುವ ಜಾತಿ. ಇದು ನಮ್ಮ ಮೈಯೇ ತಯಾರಿಸುವ ಹಾರ್ಮೋನ್ ಕಾರ್ಟಿಸಾಲ್‌ನ ನೆಂಟ. ಉಸಿರಿನ ನಾಳದ ಒಳಗಿನ ಊತ ಇಳಿಸುವುದೇ ಇದರ ಕೆಲಸ. ಪ್ರಮಾಣವನ್ನೂ ನೋಡಿ. ನನ್ನ ಒಂದು ಪಫ್‌ನಲ್ಲಿ ಇರುವುದು 200 ಮೈಕ್ರೋಗ್ರಾಂ. ದಮ್ಮು ಜೋರಾಗಿ ಆಸ್ಪತ್ರೆಗೆ ಓಡಿದರೆ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಕೊಡುವುದುಂಟು. ಅಂದರೆ 40,000 ಮೈಕ್ರೋಗ್ರಾಂ. ಎರಡೂ ಔಷಧಿಗಳ ಶಕ್ತಿ ಬೇರೆ, ಹಾಗಾಗಿ ನೇರವಾಗಿ ಭಾಗಿಸಬಾರದು. ಆದರೂ ಒಂದು ಅಂದಾಜು ಸಿಗುತ್ತದೆ ಅಲ್ವಾ? 1972ರಲ್ಲಿ ಬ್ರಿಟನ್‌ನಲ್ಲಿ ಬೆಕ್ಲೊಮೆಥಾಸೋನ್ ಎಂಬ ಸ್ಟೀರಾಯ್ಡ್ ಇರುವ ಇನ್‌ಹೇಲರ್ ಬಂದಾಗ ಅದರ ದೊಡ್ಡ ಉಪಕಾರವೇ ಇದು. ಅಲ್ಲಿಯತನಕ ವರ್ಷಗಟ್ಟಲೆ ಮಾತ್ರೆ ನುಂಗುತ್ತಿದ್ದ ಎಷ್ಟೋ ರೋಗಿಗಳಿಗೆ ಮಾತ್ರೆ ಕಡಿಮೆಯಾಯಿತು.

ನನ್ನನ್ನು ಕಾಡಿದ್ದು ಮುಖವಲ್ಲ, ಮೂಳೆಯಲ್ಲ. ಗಂಟಲು.

ಒಂದು ಮಳೆಗಾಲ ದಮ್ಮು ಜಾಸ್ತಿಯಾಗಿ ಡಾಕ್ಟರ್ ಡೋಸ್ ಏರಿಸಿದರು. ಉಸಿರು ಸರಿಹೋಯಿತು, ದನಿ ಹೋಯಿತು. ಮೊದಲ ಪೀರಿಯಡ್ ಹೇಗೋ ದಾಟುತ್ತಿತ್ತು. ಮೂರನೆಯದಕ್ಕೆ ಬಾಯಿ ತೆರೆದರೆ ಬರೀ ಗಾಳಿ. ಹಾಜರಿ ಕರೆದರೆ ಹಿಂದಿನ ಬೆಂಚಿಗೆ ಕೇಳಿಸುತ್ತಿರಲಿಲ್ಲ. ಸ್ಟಾಫ್‌ರೂಮಿನಲ್ಲಿ ಒಬ್ಬರು ಜೇಷ್ಠಮಧು ತಂದುಕೊಟ್ಟರು, ಇನ್ನೊಬ್ಬರು "ಆ ಪಂಪ್ ಬಿಟ್ಟುಬಿಡಿ ಟೀಚರ್" ಅಂದರು. ಪಂಪ್ ಬಿಡಲಿಲ್ಲ, ಡಾಕ್ಟರ ಹತ್ತಿರ ಹೋದೆ.

ಅವರು ಟಾರ್ಚ್ ಹಾಕಿ ನಾಲಿಗೆ, ಕೆನ್ನೆಯ ಒಳಭಾಗ, ಅಂಗುಳ ಎಲ್ಲ ನೋಡಿದರು. ಬಾಯಿಯಲ್ಲಿ ಮೊಸರಿನ ಕೆನೆಯಂಥ ಬಿಳಿ ಪದರ ಕಂಡರೆ ಅದು ಫಂಗಸ್. ನನಗೆ ಅದಿರಲಿಲ್ಲ. ದನಿಪೆಟ್ಟಿಗೆಯ ಮೇಲೆ ಔಷಧಿ ಕೂರುವುದರಿಂದ ದನಿ ಒಡೆಯುತ್ತಿದೆ ಎಂದರು. ಪಂಪನ್ನು ನೇರವಾಗಿ ಬಾಯಿಗಿಟ್ಟು ಒತ್ತಿದರೆ ಶ್ವಾಸಕೋಶ ಮುಟ್ಟುವುದು ಸಾಮಾನ್ಯವಾಗಿ ಶೇ. 10ರಿಂದ 20. ಹೆಚ್ಚಿನದೆಲ್ಲ ಬಾಯಿ, ಗಂಟಲಿನಲ್ಲೇ ಉಳಿಯುತ್ತದೆ. ಅದನ್ನು ನುಂಗಿದರೆ ಹೊಟ್ಟೆಗೆ, ಅಲ್ಲಿಂದ ಲಿವರ್‌ಗೆ. ಬುಡೆಸೊನೈಡ್‌ನ ಬಹುಪಾಲನ್ನು ಲಿವರ್ ಅಲ್ಲೇ ಮುಗಿಸಿಬಿಡುತ್ತದೆ, ಸುಮಾರು ಶೇ. 10ರಷ್ಟು ಮಾತ್ರ ರಕ್ತಕ್ಕೆ ಸೇರುತ್ತದೆ. ಇನ್ನೊಂದು ಪಂಪ್ ಸ್ಟೀರಾಯ್ಡ್ ಫ್ಲುಟಿಕಾಸೋನ್ ಆದರೆ ಶೇ. 1ಕ್ಕಿಂತ ಕಡಿಮೆ. ಗಂಟಲಿಗೆ ಮಾತ್ರ ಅಂಥ ಕಾವಲು ಇಲ್ಲ.

ಅವತ್ತೇ ಮೆಡಿಕಲ್‌ನಲ್ಲಿ ಸ್ಪೇಸರ್, ಅಂದರೆ ಪಂಪಿಗೂ ಬಾಯಿಗೂ ನಡುವೆ ಇಡುವ ಪ್ಲಾಸ್ಟಿಕ್ ಡಬ್ಬಿ, ಕೊಂಡೆ. ಪಂಪ್ ಚೆನ್ನಾಗಿ ಅಲ್ಲಾಡಿಸಿ ಸ್ಪೇಸರ್‌ನ ಹಿಂಬದಿಗೆ ಸಿಕ್ಕಿಸಬೇಕು. ಉಸಿರು ಪೂರ್ತಿ ಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ಒಂದೇ ಸಲ ಒತ್ತಿ, ನಿಧಾನವಾಗಿ ಎಳೆದುಕೊಳ್ಳಬೇಕು. ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಎರಡನೇ ಪಫ್‌ಗೆ ಮತ್ತೆ ಮೊದಲಿಂದ. ಸಮಯ ಉಳಿಸಲು ಎರಡನ್ನೂ ಒಟ್ಟಿಗೆ ಒತ್ತಿದರೆ ಔಷಧಿ ಗೋಡೆಗೇ ಅಂಟಿಕೊಳ್ಳುತ್ತದೆ. 6:40ರ ಫಾಸ್ಟ್ ಲೋಕಲ್ ರೈಲು ಹಿಡಿಯುವವರಿಗೆ ಈ ತಾಳ್ಮೆ ಕಷ್ಟ, ಗೊತ್ತು. ಸ್ಪೇಸರ್ ತೊಳೆಯುವಾಗ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದು ಹನಿ ಸಾಕು. ಆಮೇಲೆ ಬಟ್ಟೆಯಿಂದ ಒರೆಸಬಾರದು. ಒರೆಸಿದರೆ ಪ್ಲಾಸ್ಟಿಕ್‌ಗೆ ಸ್ಟ್ಯಾಟಿಕ್ ಬಂದು ಔಷಧಿಯನ್ನು ಹಿಡಿದುಕೊಳ್ಳುತ್ತದೆ. ನಾನು ಅಡುಗೆಮನೆಯ ಗ್ರಿಲ್ ಪಕ್ಕ ನಿಲ್ಲಿಸುತ್ತೇನೆ. ಜುಲೈಯಲ್ಲಿ ಒಣಗಲು ಇಡೀ ರಾತ್ರಿ ಬೇಕು.

ಪಂಪನ್ನು ಟೂತ್‌ಬ್ರಶ್ ಪಕ್ಕವೇ ಇಟ್ಟೆ. ಮೊದಲು ಪಂಪ್, ಆಮೇಲೆ ಬಾಯಿ ಮುಕ್ಕಳಿಸಿ, ಗಂಟಲವರೆಗೆ ಗಳಗಳ ಮಾಡಿ, ಉಗಿದು, ಹಲ್ಲುಜ್ಜುವುದು. ನೀರು ನುಂಗಬಾರದು. ಬಾಯಿ ಮುಕ್ಕಳಿಸುವುದು ಫಂಗಸ್ ತಡೆಯಲು ಬಹಳ ಒಳ್ಳೆಯದು, ದನಿಗೆ ಅಷ್ಟಾಗಿ ಉಪಯೋಗವಿಲ್ಲ. ನೀರು ದನಿಪೆಟ್ಟಿಗೆಯವರೆಗೆ ಹೋಗುವುದಿಲ್ಲವಲ್ಲ. ಹಾಗಾಗಿ ಸೊಂಟಕ್ಕೆ ಕಟ್ಟಿಕೊಳ್ಳುವ ಚಿಕ್ಕ ಮೈಕ್ ತಂದೆ. ಮಕ್ಕಳಿಗೆ ಅದೇ ಒಂದು ಮೋಜು. ಸುಮಾರು ಮೂರು ತಿಂಗಳು ದಮ್ಮು ಹತೋಟಿಯಲ್ಲಿದ್ದ ಮೇಲೆ ಡಾಕ್ಟರೇ ಡೋಸ್ ಒಂದು ಮೆಟ್ಟಿಲು ಇಳಿಸಿದರು. ಪೂರ್ತಿ ದನಿ ಬಂದದ್ದು ಆಮೇಲೆಯೇ.

ಕೆಳಗಿನ ಮನೆಯ ಕುಲಕರ್ಣಿ ಕಾಕಾ ಬಳಸುವುದು ಕ್ಯಾಪ್ಸೂಲಿನೊಳಗಿನ ಪುಡಿಯನ್ನು ಎಳೆದುಕೊಳ್ಳುವ ರೋಟಾಹೇಲರ್. ಅದಕ್ಕೆ ಸ್ಪೇಸರ್ ಬೇಡ, ಎಳೆಯುವುದೂ ನಿಧಾನವಲ್ಲ, ಜೋರಾಗಿ ಆಳವಾಗಿ ಎಳೆಯಬೇಕು. ಕ್ಯಾಪ್ಸೂಲ್ ನುಂಗಲು ಅಲ್ಲ. ಮುಂಬೈ ಮಳೆಗಾಲದ ತೇವಕ್ಕೆ ಪುಡಿ ಗಂಟುಕಟ್ಟುವುದರಿಂದ ಮುಂಚಿತವಾಗಿ ಬಿಚ್ಚಿಡಲೂಬಾರದು. ಬಾಯಿ ತೊಳೆಯುವುದು ಅವರಿಗೂ ತಪ್ಪಿದ್ದಲ್ಲ.

ಮಗನಿಗೂ ಪಂಪ್ ಬರೆದುಕೊಟ್ಟಾಗ ನಮ್ಮವರು ಕೇಳಿದ್ದು ಒಂದೇ ಪ್ರಶ್ನೆ: "ಹುಡುಗ ಗಿಡ್ಡ ಉಳಿದರೆ?" ಪ್ರಶ್ನೆ ಸುಮ್ನೆ ಅಲ್ಲ. ಅಮೆರಿಕ, ಕೆನಡಾಗಳಲ್ಲಿ 5ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 400 ಮೈಕ್ರೋಗ್ರಾಂ ಬುಡೆಸೊನೈಡ್ ಕೊಟ್ಟು, ಅವರು ದೊಡ್ಡವರಾಗುವತನಕ ಎತ್ತರ ಅಳೆದಿದ್ದಾರೆ. 2012ರಲ್ಲಿ ಫಲಿತಾಂಶ ಬಂತು: ಸ್ಟೀರಾಯ್ಡ್ ಕೊಡದ ಗುಂಪಿಗಿಂತ ಸರಾಸರಿ 1.2 ಸೆಂಟಿಮೀಟರ್ ಕಡಿಮೆ. ಆ ಹಿನ್ನಡೆ ಆದದ್ದು ಹೆಚ್ಚಾಗಿ ಮೊದಲ ಒಂದೆರಡು ವರ್ಷದಲ್ಲಿ, ಆಮೇಲೆ ಆ ಅಂತರ ಹೆಚ್ಚುತ್ತಾ ಹೋಗಲಿಲ್ಲ. ರಾತ್ರಿಯಿಡೀ ಕೂತು ಏದುಸಿರು ಬಿಡುವ ಮಗುವನ್ನು ನೋಡಿದವರಿಗೆ ಇದು ದೊಡ್ಡ ಬೆಲೆ ಅನ್ನಿಸದು. ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲ್‌ನಿಂದ ಅವನ ಎತ್ತರ ಗುರುತು ಹಾಕಿ, ಡಾಕ್ಟರಿಗೆ ಹೇಳುತ್ತೇನೆ.

ನನಗೆ ನಿಜವಾಗಿ ಭಯ ಹುಟ್ಟಿಸುವವರು ಸ್ಟೀರಾಯ್ಡ್‌ಗೆ ಹೆದರಿ ಬರೀ ಸಾಲ್ಬುಟಮಾಲ್ ಪಂಪ್ ಮೇಲೆ ದಿನ ದೂಡುವವರು. ಅದು ನಿಮಿಷಗಳಲ್ಲಿ ಎದೆ ಹಗುರ ಮಾಡುತ್ತದೆ, ಒಳಗಿನ ಊತವನ್ನು ಮುಟ್ಟುವುದಿಲ್ಲ. ದೊಡ್ಡವರಿಗೆ, ಹದಿಹರೆಯದವರಿಗೆ ಅದೊಂದನ್ನೇ ಕೊಡಬಾರದೆಂದು ದಮ್ಮಿನ ಚಿಕಿತ್ಸೆಯ ಅಂತರರಾಷ್ಟ್ರೀಯ ಗೀನಾ ಮಾರ್ಗಸೂಚಿ 2019ರಿಂದ ಹೇಳುತ್ತಿದೆ.

ಹಾಗಂತ ಪಂಪ್ ಏನೂ ಮಾಡುವುದಿಲ್ಲ ಅಂತಲ್ಲ. ಹೆಚ್ಚಿನ ಡೋಸ್ ವರ್ಷಗಟ್ಟಲೆ ನಡೆದರೆ ಮೂಳೆ ತೆಳುವಾಗಬಹುದು, ಕಣ್ಣಿಗೆ ಪೊರೆ ಬರಬಹುದು, ಕಣ್ಣಿನ ಒತ್ತಡ ಏರಬಹುದು. ಮೈ ತನ್ನ ಕಾರ್ಟಿಸಾಲ್ ತಯಾರಿಸುವುದನ್ನೂ ಕಡಿಮೆ ಮಾಡಬಹುದು, ಅದಕ್ಕೇ ಏಕಾಏಕಿ ನಿಲ್ಲಿಸಬಾರದು. ನಾನು ವರ್ಷಕ್ಕೊಮ್ಮೆ ಕಣ್ಣು ತೋರಿಸುತ್ತೇನೆ.

ಇನ್ನೊಂದು ವಿಷಯ ಮುಂಬೈಯವರಿಗೆ ಗೊತ್ತಿರಲೇಬೇಕು. ಮಳೆಗಾಲದಲ್ಲಿ ಒದ್ದೆ ಬಟ್ಟೆಯಲ್ಲೇ ಲೋಕಲ್‌ನಲ್ಲಿ ನಿಂತು ಗಜಕರ್ಣ ಬರುವುದು ಇಲ್ಲಿ ಮಾಮೂಲು. ಅದಕ್ಕೆ ಇಟ್ರಾಕೊನಜೋಲ್ ಕ್ಯಾಪ್ಸೂಲ್ ಬರೆಯುತ್ತಾರೆ. ಬುಡೆಸೊನೈಡ್, ಫ್ಲುಟಿಕಾಸೋನ್‌ಗಳನ್ನು ಲಿವರ್ ಕರಗಿಸುವುದನ್ನೇ ಅದು ತಡೆಯುತ್ತದೆ. ಆಗ ಪಂಪಿನ ಚಿಕ್ಕ ಡೋಸ್ ಕೂಡ ರಕ್ತದಲ್ಲಿ ಉಳಿದು, ಜನ ಹೆದರುವ ಆ ಮುಖದ ಊತ ನಿಜವಾಗಿಯೂ ಬರಬಹುದು. ನನಗೆ ಗಜಕರ್ಣ ಆದಾಗ ಇನ್‌ಹೇಲರನ್ನೇ ಚರ್ಮದ ಡಾಕ್ಟರ ಮೇಜಿನ ಮೇಲಿಟ್ಟೆ. ಅವರು ಬರೆದಿದ್ದ ಕ್ಯಾಪ್ಸೂಲ್ ಹೊಡೆದುಹಾಕಿ ಹಚ್ಚುವ ಕ್ರೀಮ್ ಬರೆದರು.