ಹೊಟ್ಟೆಯ ಮುಂಗೋಡೆ: ಪದರಗಳು ಎಲ್ಲಿ ನಿಲ್ಲುತ್ತವೆ ಎಂಬುದರಿಂದ ಕಲಿತದ್ದು

ದಾವಣಗೆರೆಯಲ್ಲಿ ಶಸ್ತ್ರಚಿಕಿತ್ಸಕನಾಗಿ ನಾನು ಮಾಡುವ ಕೆಲಸದಲ್ಲಿ ದೊಡ್ಡ ಪಾಲು ತೊಡೆಸಂದಿನ ಹರ್ನಿಯಾದ್ದು. ಎಪಿಎಂಸಿ ಯಾರ್ಡಿನಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲರು, ಜಗಳೂರು, ಚನ್ನಗಿರಿ ಕಡೆಯ ರೈತರು, ಬೀಡಿಯ ಕೆಮ್ಮು ಬಿಡದ ಹಿರಿಯರು ಬಂದು, “ಕೆಮ್ಮಿದ್ರೆ ಗಂಟು ಎದ್ದು ಬರ್ತೈತಿ ಸರ್, ಮಲ್ಕೊಂಡ್ರೆ ಒಳಗೆ ಹೋಗ್ತೈತಿ” ಎಂದಾಗ ರೋಗ ಯಾವುದೆಂಬುದು ಬಹುಮಟ್ಟಿಗೆ ತಿಳಿದುಹೋಗುತ್ತದೆ. ಆದರೆ ಆ ಗಂಟು ಮುಂಗೋಡೆಯ ಯಾವ ಪದರದ ಯಾವ ಸಂದಿನಿಂದ ಹೊರಬಂದಿದೆ ಎಂಬುದು ಕೈಬೆರಳಿಗೇ ತಿಳಿಯಬೇಕಾದರೆ ನಾನು ಅಂಗರಚನಾಶಾಸ್ತ್ರವನ್ನು ಎರಡನೆಯ ಬಾರಿ, ಬೇರೊಂದು ಕ್ರಮದಲ್ಲಿ ಓದಬೇಕಾಯಿತು. ಈಗ ಸ್ನಾತಕೋತ್ತರ ವಿದ್ಯಾರ್ಥಿಗಳಿಗೂ ಅದೇ ಕ್ರಮದಲ್ಲಿ ಹೇಳಿಕೊಡುತ್ತೇನೆ.

ಎಂಬಿಬಿಎಸ್ ಮೊದಲ ವರ್ಷದಲ್ಲಿ ಎಲ್ಲರೂ ಚರ್ಮ, ಅದರಡಿಯ ಕೊಬ್ಬಿನ ಪದರವಾದ ಕ್ಯಾಂಪರ್ ಫ್ಯಾಸಿಯಾ, ಅದರೊಳಗಿನ ಪೊರೆಯಾದ ಸ್ಕಾರ್ಪಾ ಫ್ಯಾಸಿಯಾ, ಮೂರು ಚಪ್ಪಟೆ ಸ್ನಾಯುಗಳು, ಟ್ರಾನ್ಸ್‌ವರ್ಸಾಲಿಸ್ ಫ್ಯಾಸಿಯಾ, ಅದರ ಒಳಗಿನ ಕೊಬ್ಬು, ಕೊನೆಗೆ ಹೊಟ್ಟೆಯ ಒಳಮೈಯ ತೆಳುಪೊರೆಯಾದ ಪೆರಿಟೋನಿಯಮ್ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತೇವೆ. ಆ ಪಟ್ಟಿ ತಪ್ಪಲ್ಲ. ಆದರೆ ಅದು ಹೊಕ್ಕುಳಿಗಿಂತ ಕೆಳಗೆ, ಪಕ್ಕೆಯ ಕಡೆಗೆ ಮಾತ್ರ ಪೂರ್ತಿಯಾಗಿ ಹೊಂದುತ್ತದೆ. ನಡುಗೆರೆಯಲ್ಲಿ, ಅಂದರೆ ಲೀನಿಯಾ ಆಲ್ಬಾದಲ್ಲಿ, ಸ್ನಾಯುವೇ ಇಲ್ಲ. ಅಲ್ಲಿರುವುದು ಎರಡೂ ಕಡೆಯ ಸ್ನಾಯುಗಳ ಅಪೊನ್ಯೂರೋಸಿಸ್‌ಗಳು, ಎಂದರೆ ಹಾಳೆಯಂತೆ ಹರಡಿದ ಅವುಗಳ ಬಿಳಿಯ ಅಂಚುಗಳು, ಒಂದರೊಳಗೊಂದು ಹೆಣೆದುಕೊಂಡ ಪಟ್ಟಿ ಮಾತ್ರ. ಹೀಗಾಗಿ ಪ್ರತಿಯೊಂದು ಪದರವೂ ಎಲ್ಲಿಂದ ಹುಟ್ಟುತ್ತದೆ ಎಂಬುದಕ್ಕಿಂತ ಎಲ್ಲಿ ನಿಲ್ಲುತ್ತದೆ ಎಂಬುದನ್ನು ನಾನು ಹಾಳೆಯ ಮೇಲೆ ಬರೆದುಕೊಳ್ಳತೊಡಗಿದೆ. ಶಸ್ತ್ರಚಿಕಿತ್ಸಕನಿಗೆ ಬೇಕಾದ ಅಂಗರಚನೆ ಬಹುಪಾಲು ಈ ಅಂಚುಗಳಲ್ಲೇ ಇದೆ ಎಂಬುದು ನನ್ನ ಅಭಿಪ್ರಾಯ.

ಮೂರು ಚಪ್ಪಟೆ ಸ್ನಾಯುಗಳನ್ನು ಎಳೆಗಳ ದಿಕ್ಕಿನಿಂದ ಗುರುತಿಸುವುದು ಸುಲಭ. ಕೆಳಗಿನ ಎಂಟು ಪಕ್ಕೆಲುಬುಗಳಿಂದ ಹುಟ್ಟುವ ಎಕ್ಸ್‌ಟರ್ನಲ್ ಆಬ್ಲಿಕ್ ಸ್ನಾಯುವಿನ ಎಳೆಗಳು, ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಬಿಟ್ಟಾಗ ಬೆರಳುಗಳು ಚಾಚುವಂತೆ, ಕೆಳಕ್ಕೆ ಮತ್ತು ನಡುವಿನ ಕಡೆಗೆ ಇಳಿಯುತ್ತವೆ. ಅದರ ಒಳಗಿನ ಇಂಟರ್ನಲ್ ಆಬ್ಲಿಕ್‌ನ ಎಳೆಗಳು ಇದನ್ನು ಅಡ್ಡಹಾಯುತ್ತ ಮೇಲಕ್ಕೆ ಏರುತ್ತವೆ. ಎಲ್ಲಕ್ಕಿಂತ ಒಳಗಿನ ಟ್ರಾನ್ಸ್‌ವರ್ಸಸ್‌ನವು ಅಡ್ಡಡ್ಡಲಾಗಿ ಸಾಗುತ್ತವೆ. ಅಪೆಂಡಿಕ್ಸ್ ತೆಗೆಯಲು ಮ್ಯಾಕ್‌ಬರ್ನಿ 1894ರಲ್ಲಿ ವಿವರಿಸಿದ ಕೊಯ್ತದಲ್ಲಿ ಇದರ ಬೆಲೆ ಕಾಣುತ್ತದೆ: ಪ್ರತಿ ಸ್ನಾಯುವನ್ನೂ ಕತ್ತರಿಸದೆ ಅದರದೇ ಎಳೆಯ ದಿಕ್ಕಿನಲ್ಲಿ ಬಿಡಿಸಿ ಒಳಹೊಕ್ಕರೆ, ಹೊರಬರುವಾಗ ಮೂರೂ ಬೇರೆಬೇರೆ ದಿಕ್ಕಿನಲ್ಲಿ ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಲ್ಯಾಪರೋಸ್ಕೋಪ್ ಬಂದ ಮೇಲೆ ಈ ಕೊಯ್ತ ಅಪರೂಪವಾಗಿದೆ. ಸ್ನಾಯುಗಳ ದಿಕ್ಕನ್ನು ಕಣ್ಣಾರೆ ಕಾಣಲು ಅದಕ್ಕಿಂತ ಒಳ್ಳೆಯ ಪಾಠ ಇಲ್ಲದ್ದರಿಂದ, ವಿದ್ಯಾರ್ಥಿಗಳು ಒಮ್ಮೆಯಾದರೂ ಅದನ್ನು ನೋಡಲಿ ಎಂದು ಬಯಸುತ್ತೇನೆ.

ನಾನು ಹೆಚ್ಚು ಹೊತ್ತು ಕಳೆದದ್ದು ನಡುಗೆರೆಯ ಎರಡೂ ಪಕ್ಕದಲ್ಲಿ ಉದ್ದಕ್ಕೆ ಇಳಿಯುವ ರೆಕ್ಟಸ್ ಸ್ನಾಯುವನ್ನು ಸುತ್ತುವರಿದ ಕವಚದ ಮೇಲೆ. ಹಾಳೆಯ ಮೇಲಿನ ಹೊಟ್ಟೆಗೆ ಮೂರು ಎತ್ತರಗಳಲ್ಲಿ ಅಡ್ಡಗೆರೆ ಎಳೆದು, ಪ್ರತಿ ಗೆರೆಯಲ್ಲೂ ಸ್ನಾಯುವಿನ ಮುಂದೆ ಏನಿದೆ, ಹಿಂದೆ ಏನಿದೆ ಎಂದು ಬರೆದೆ. ಪಕ್ಕೆಲುಬಿನ ಅಂಚಿಗಿಂತ ಮೇಲೆ ಮುಂದೆ ಎಕ್ಸ್‌ಟರ್ನಲ್ ಆಬ್ಲಿಕ್‌ನ ಅಪೊನ್ಯೂರೋಸಿಸ್ ಮಾತ್ರ ಇದೆ. ಹಿಂದೆ ಕವಚವಿಲ್ಲ, ಸ್ನಾಯು ನೇರವಾಗಿ ಪಕ್ಕೆಲುಬಿನ ಮೃದ್ವಸ್ಥಿಯ ಮೇಲೆ ಕೂತಿರುತ್ತದೆ. ಅಲ್ಲಿಂದ ಕೆಳಗೆ ಇಂಟರ್ನಲ್ ಆಬ್ಲಿಕ್‌ನ ಅಪೊನ್ಯೂರೋಸಿಸ್ ಎರಡಾಗಿ ಸೀಳಿ, ಒಂದು ಹಾಳೆ ಸ್ನಾಯುವಿನ ಮುಂದಕ್ಕೂ ಇನ್ನೊಂದು ಹಿಂದಕ್ಕೂ ಹೋಗುತ್ತದೆ. ಹೊಕ್ಕುಳಿಗೂ ಹೊಟ್ಟೆಯ ತಳದ ಪ್ಯೂಬಿಸ್ ಮೂಳೆಗೂ ಸುಮಾರು ನಡುಮಧ್ಯದಲ್ಲಿ ಆರ್ಕುಯೇಟ್ ಗೆರೆ ಬರುತ್ತದೆ. ಅದರ ಕೆಳಗೆ ಮೂರೂ ಸ್ನಾಯುಗಳ ಅಪೊನ್ಯೂರೋಸಿಸ್‌ಗಳು ಮುಂದಕ್ಕೆ ಸರಿಯುವುದರಿಂದ, ಹಿಂದೆ ಟ್ರಾನ್ಸ್‌ವರ್ಸಾಲಿಸ್ ಫ್ಯಾಸಿಯಾ ಮತ್ತು ಪೆರಿಟೋನಿಯಮ್ ಬಿಟ್ಟರೆ ಬೇರೆ ಆಸರೆ ಇಲ್ಲ.

ಈ ಗೆರೆ ಪರೀಕ್ಷೆಯ ಪ್ರಶ್ನೆ ಮಾತ್ರವಲ್ಲ ಎಂದು ನನಗೆ ಮನವರಿಕೆಯಾದದ್ದು ಲ್ಯಾಪರೋಸ್ಕೋಪ್ ಮೂಲಕ, ಪೆರಿಟೋನಿಯಮ್ ತೆರೆಯದೆ ಹರ್ನಿಯಾಕ್ಕೆ ಜಾಲರಿ ಇಡುವುದನ್ನು ಕಲಿಯುವಾಗ. ಹೊಕ್ಕುಳಿನ ಕೆಳಗೆ ಮುಂದಿನ ಕವಚವನ್ನು ತೆರೆದು, ರೆಕ್ಟಸ್ ಸ್ನಾಯುವನ್ನು ಪಕ್ಕಕ್ಕೆ ಸರಿಸಿ, ಹಿಂದಿನ ಕವಚದ ಮೇಲೆ ಉಪಕರಣವನ್ನು ಜಾರಿಸುತ್ತ ಕೆಳಕ್ಕೆ ಹೋದರೆ, ಆರ್ಕುಯೇಟ್ ಗೆರೆ ದಾಟಿದೊಡನೆ ಬಿಳಿಯ ಗಟ್ಟಿ ನೆಲ ಮುಗಿದು ಪೆರಿಟೋನಿಯಮ್‌ನ ಮುಂದಿನ ಸಡಿಲ ಜಾಗ ತೆರೆದುಕೊಳ್ಳುತ್ತದೆ. ಇಡೀ ಶಸ್ತ್ರಚಿಕಿತ್ಸೆ ನಡೆಯುವುದು ಕವಚ ನಿಂತುಹೋದ ಈ ಜಾಗದಲ್ಲೇ.

ರೆಕ್ಟಸ್ ಸ್ನಾಯುವಿನ ಅಡ್ಡಪಟ್ಟಿಗಳದ್ದೂ ಇಂಥದೇ ಕಥೆ. ಅವು ಸಾಮಾನ್ಯವಾಗಿ ಮೂರಿದ್ದು, ಹೊಕ್ಕುಳಿನ ಮಟ್ಟದಲ್ಲಿ ಒಂದು, ಎದೆಮೂಳೆಯ ತುದಿಯ ಬಳಿ ಒಂದು, ಅವೆರಡರ ನಡುವೆ ಒಂದು ಇರುತ್ತವೆ. ಮುಂದಿನ ಕವಚಕ್ಕೆ ಬಲವಾಗಿ ಅಂಟಿರುತ್ತವೆ, ಹಿಂದಿನದಕ್ಕೆ ಅಂಟುವುದಿಲ್ಲ. ಹೊಕ್ಕುಳಿನ ಕೆಳಗೆ ಅವು ಸಾಮಾನ್ಯವಾಗಿ ಇಲ್ಲದ್ದರಿಂದಲೇ, ಸಿಸೇರಿಯನ್‌ಗೆ ಬಳಸುವ ಫ್ಯಾನನ್‌ಸ್ಟೀಲ್ ಅಡ್ಡಕೊಯ್ತದಲ್ಲಿ ಮುಂದಿನ ಕವಚವನ್ನು ಸ್ನಾಯುವಿನಿಂದ ಸಲೀಸಾಗಿ ಮೇಲೆತ್ತಲು ಬರುತ್ತದೆ. ನಡುಗೆರೆಯಲ್ಲಿ ಮಾತ್ರ ಕತ್ತರಿ ಬೇಕು.

ಸ್ಕಾರ್ಪಾ ಫ್ಯಾಸಿಯಾದ ಬಗ್ಗೆ ಹೇಳಬೇಕಾದದ್ದು ಕಡಿಮೆ. ಅದು ತೊಡೆಸಂದಿನ ಗಟ್ಟಿ ಪಟ್ಟಿಯಾದ ಇಂಗ್ವೈನಲ್ ಲಿಗಮೆಂಟಿನ ತುಸು ಕೆಳಗೆ ತೊಡೆಯ ಫ್ಯಾಸಿಯಾಕ್ಕೆ ಅಂಟಿ ನಿಲ್ಲುತ್ತದೆ, ನಡುವೆ ಮಾತ್ರ ಜನನಾಂಗದ ಕಡೆಗೆ ಮುಂದುವರಿಯುತ್ತದೆ. ಹೀಗಾಗಿ ಅಪಘಾತದಲ್ಲಿ ಮೂತ್ರನಾಳ ಹರಿದು ಸೋರಿದ ಮೂತ್ರವು ವೃಷಣಕೋಶದಿಂದ ಹೊಟ್ಟೆಯ ಗೋಡೆಗೆ ಏರಬಹುದೇ ಹೊರತು ತೊಡೆಗೆ ಇಳಿಯುವುದಿಲ್ಲ.

ನರಗಳ ದಾರಿ ಇದಕ್ಕಿಂತ ಹೆಚ್ಚು ಗಮನ ಬೇಡುತ್ತದೆ. ಏಳನೆಯ ಎದೆನರದಿಂದ ಮೊದಲ ಸೊಂಟನರದವರೆಗಿನ ಶಾಖೆಗಳು ಇಂಟರ್ನಲ್ ಆಬ್ಲಿಕ್ ಮತ್ತು ಟ್ರಾನ್ಸ್‌ವರ್ಸಸ್ ನಡುವೆ ಸಾಗಿ, ರೆಕ್ಟಸ್ ಕವಚವನ್ನು ಹೊರ ಅಂಚಿನ ಕಡೆಯಿಂದ ಹೊಗುತ್ತವೆ. ಹೊಕ್ಕುಳಿನ ಚರ್ಮಕ್ಕೆ ಹತ್ತನೆಯದು. ಆ ಹೊರ ಅಂಚಿನಲ್ಲಿ ಉದ್ದಕ್ಕೆ ಕೊಯ್ದರೆ ಸ್ನಾಯು ನಿಶ್ಶಕ್ತವಾಗುತ್ತದೆ ಎಂಬುದಕ್ಕೂ, ಅರಿವಳಿಕೆ ತಜ್ಞರು ಅಲ್ಟ್ರಾಸೌಂಡ್ ನೋಡುತ್ತ ಅದೇ ಪದರದಲ್ಲಿ ಮದ್ದು ಹರಡಿ ನೋವು ಕಡಿಮೆ ಮಾಡುತ್ತಾರೆ ಎಂಬುದಕ್ಕೂ ಕಾರಣ ಒಂದೇ.

ಇನ್ನು ಹಮಾಲರ ಹರ್ನಿಯಾ. ಚರ್ಮ ಮತ್ತು ಸ್ಕಾರ್ಪಾ ದಾಟಿದ ಮೇಲೆ ಹೊಳೆಯುವ ಎಕ್ಸ್‌ಟರ್ನಲ್ ಆಬ್ಲಿಕ್ ಅಪೊನ್ಯೂರೋಸಿಸ್ ಕಾಣುತ್ತದೆ. ಅದನ್ನು ಎಳೆಯ ದಿಕ್ಕಿನಲ್ಲೇ ಹೊರ ಉಂಗುರದವರೆಗೆ, ಅಂದರೆ ತೊಡೆಸಂದಿನ ಇಂಗ್ವೈನಲ್ ಓಣಿಯ ಹೊರಬಾಯಿಯವರೆಗೆ, ಬಿಡಿಸುತ್ತೇನೆ. ಅಲ್ಲಿ ವೃಷಣಕ್ಕೆ ಹೋಗುವ ನಾಳಗಳ ಹುರಿಯ ಮೇಲೆ ಮಲಗಿರುವ ಇಲಿಯೋಇಂಗ್ವೈನಲ್ ನರವನ್ನು ಮೊದಲು ಗುರುತಿಸಿಕೊಳ್ಳುವುದು ನನ್ನ ನಿಯಮ, ಏಕೆಂದರೆ ಅದು ಹೊಲಿಗೆಯಲ್ಲಿ ಸಿಕ್ಕಿಕೊಂಡರೆ ತಿಂಗಳುಗಟ್ಟಲೆ ನೋವು ಉಳಿಯಬಹುದು. ಸುಮಾರು 4 ಸೆಂ.ಮೀ. ಉದ್ದದ ಈ ಓಣಿಯಲ್ಲಿ ದಿಕ್ಕು ತಿಳಿಸುವುದು ಇನ್ಫೀರಿಯರ್ ಎಪಿಗ್ಯಾಸ್ಟ್ರಿಕ್ ರಕ್ತನಾಳ. ಹರ್ನಿಯಾದ ಚೀಲ ಅದರ ಹೊರಬದಿಯಿಂದ ಬಂದಿದ್ದರೆ ಓಣಿಯ ಒಳಬಾಯಿಯಾದ ಒಳ ಉಂಗುರದ ಮೂಲಕ ಹುರಿಯ ಜೊತೆಗೇ ಇಳಿದಿದೆ. ಒಳಬದಿಯಿಂದ ಬಂದಿದ್ದರೆ ಆ ರಕ್ತನಾಳ, ರೆಕ್ಟಸ್‌ನ ಹೊರ ಅಂಚು, ಇಂಗ್ವೈನಲ್ ಲಿಗಮೆಂಟುಗಳ ನಡುವಿನ ಹೆಸೆಲ್‌ಬಾಕ್ ತ್ರಿಕೋನವನ್ನು ನೇರವಾಗಿ ತಳ್ಳಿಕೊಂಡು ಬಂದಿದೆ. ಆ ತ್ರಿಕೋನದ ಬಹುಭಾಗದಲ್ಲಿ ಇಂಟರ್ನಲ್ ಆಬ್ಲಿಕ್ ಮತ್ತು ಟ್ರಾನ್ಸ್‌ವರ್ಸಸ್‌ನ ಕೆಳ ಅಂಚುಗಳು ಕಮಾನಿನಂತೆ ಮೇಲೆಯೇ ನಿಂತುಬಿಟ್ಟಿರುವುದರಿಂದ, ಗೋಡೆಯ ಹಿಂಬದಿಯನ್ನು ಟ್ರಾನ್ಸ್‌ವರ್ಸಾಲಿಸ್ ಫ್ಯಾಸಿಯಾ ಒಂದೇ ಕಾಯಬೇಕಾಗುತ್ತದೆ. ಬಸ್ಸೀನಿ 1880ರ ದಶಕದಲ್ಲಿ ಈ ಕಮಾನನ್ನು ಕೆಳಗೆಳೆದು ಲಿಗಮೆಂಟಿಗೆ ಹೊಲಿದರು. ಎಳೆತದಲ್ಲಿ ಹೊಲಿದ ಅಂಗಾಂಶ ಬಿಟ್ಟುಕೊಳ್ಳುವುದನ್ನು ಕಂಡ ಲಿಕ್ಟೆನ್‌ಸ್ಟೈನ್ ತಂಡ, ಕಮಾನನ್ನು ಎಳೆಯದೆ ಆ ಖಾಲಿ ಜಾಗದ ಮೇಲೆ ಜಾಲರಿ ಹಾಸಿತು. ನಾನೂ ಅದನ್ನೇ ಮಾಡುತ್ತೇನೆ: ಜಾಲರಿಯ ಕೆಳ ಅಂಚು ಲಿಗಮೆಂಟಿಗೆ, ಒಳತುದಿ ಪ್ಯೂಬಿಸ್ ಮೂಳೆಯ ಉಬ್ಬಾದ ಪ್ಯೂಬಿಕ್ ಟ್ಯೂಬರ್ಕಲ್‌ನಿಂದ ನಡುಗೆರೆಯ ಕಡೆಗೆ ಸುಮಾರು 2 ಸೆಂ.ಮೀ. ಆಚೆಗೆ, ಮೂಳೆಯ ಪೊರೆಗೆ ಸೂಜಿ ತಾಗದಂತೆ.

ಹೊಟ್ಟೆ ಮುಚ್ಚುವಾಗಲೂ ಈ ನಕ್ಷೆಯೇ ಕೈ ಹಿಡಿಯುತ್ತದೆ. ನಡುಗೆರೆಯ ಕೊಯ್ತದಲ್ಲಿ ಹೊಲಿಗೆಯನ್ನು ಹಿಡಿಯುವ ಪದರ ಅಪೊನ್ಯೂರೋಸಿಸ್ ಒಂದೇ. ಕೊಬ್ಬನ್ನೋ ಸ್ನಾಯುವನ್ನೋ ಸೇರಿಸಿ ಹೊಲಿದರೆ ಅದು ಕೊಳೆತು ದಾರ ಸಡಿಲವಾಗುತ್ತದೆ. ದಾರದ ಉದ್ದ ಗಾಯದ ಉದ್ದದ ಕನಿಷ್ಠ ನಾಲ್ಕು ಪಟ್ಟು ಇರಬೇಕೆಂದು ಜೆಂಕಿನ್ಸ್ 1976ರಲ್ಲಿ ಬರೆದರು. 2015ರಲ್ಲಿ ಪ್ರಕಟವಾದ ನೆದರ್‌ಲೆಂಡ್ಸ್‌ನ ಅಧ್ಯಯನದಲ್ಲಿ, ಅಂಚಿನಿಂದ 5 ಮಿ.ಮೀ. ದೂರದಲ್ಲಿ 5 ಮಿ.ಮೀ. ಅಂತರಕ್ಕೊಂದರಂತೆ ಸಣ್ಣ ಹೊಲಿಗೆ ಹಾಕಿದವರಲ್ಲಿ ವರ್ಷದ ನಂತರದ ಹರ್ನಿಯಾ 13 ಪ್ರತಿಶತ, ದೊಡ್ಡ ಹೊಲಿಗೆಯವರಲ್ಲಿ 21 ಪ್ರತಿಶತ ಇತ್ತು. ಆದ್ದರಿಂದ ಥಿಯೇಟರಿನಲ್ಲಿ ಹೊಲಿಗೆ ಮುಗಿಸಿದ ವಿದ್ಯಾರ್ಥಿಯಿಂದ ಮೊದಲು ಗಾಯವನ್ನೂ ಆಮೇಲೆ ಉಳಿದ ದಾರವನ್ನೂ ಅಳೆಸುತ್ತೇನೆ, 20 ಸೆಂ.ಮೀ. ಗಾಯಕ್ಕೆ 80 ಸೆಂ.ಮೀ. ದಾರ ಒಳಗೆ ಹೋಗಿರದಿದ್ದರೆ ಬಿಚ್ಚಿ ಮತ್ತೆ ಹಾಕಲು ಹೇಳುತ್ತೇನೆ.