ಬಡ್ತಿ ತಂಡಕ್ಕೆ ಸೆಪ್ಟೆಂಬರ್ 1ರ ಲೆಕ್ಕ: ನನ್ನ ಅನುಭವ

ಇಂಗ್ಲಿಷ್ ಫುಟ್‌ಬಾಲ್‌ನ ಮೇಲಿನ ಲೀಗಾದ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡ; ವರ್ಷಕ್ಕೆ ಕೊನೆಯ ಮೂರು ಇಳಿದು, ಕೆಳಗಿನ ಚಾಂಪಿಯನ್‌ಶಿಪ್ ಲೀಗ್‌ನಿಂದ ಮೂರು ಬಡ್ತಿ ಪಡೆಯುತ್ತವೆ. 2025ರಲ್ಲಿ ಬಡ್ತಿ ಪಡೆದವುಗಳಲ್ಲಿ ಉಳಿಯುವ ಸಾಧ್ಯತೆ ಸಂಡರ್‌ಲ್ಯಾಂಡ್‌ಗೆ ನೂರಕ್ಕೆ 55, ಲೀಡ್ಸ್‌ಗೆ 50, ಬರ್ನ್ಲಿಗೆ 35. 2025ರ ಸೆಪ್ಟೆಂಬರ್ ಮೊದಲ ವಾರ ನನ್ನ ಶೀಟು (ಕಂಪ್ಯೂಟರಿನ ಲೆಕ್ಕದ ಹಾಳೆ) ಕೊಟ್ಟ ಉತ್ತರ ಹೆಚ್ಚುಕಡಿಮೆ ಇದು. ಇಂಥ ಲೆಕ್ಕ ಹಾಕುವ ಗೆಳೆಯರಲ್ಲಿ ಒಬ್ಬರೂ ಒಪ್ಪಲಿಲ್ಲ. ಒಪ್ಪದಿರಲು ಕಾರಣವೂ ಇತ್ತು. ಚಾಂಪಿಯನ್‌ಶಿಪ್‌ನಲ್ಲಿ ಲೀಡ್ಸ್, ಬರ್ನ್ಲಿ ಎರಡೂ ತಲಾ 100 ಪಾಯಿಂಟ್ ಗಳಿಸಿದ್ದವು. ಬರ್ನ್ಲಿ 46 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು ಬರೀ 16 ಗೋಲು. ಸಂಡರ್‌ಲ್ಯಾಂಡ್ 76 ಪಾಯಿಂಟ್‌ನ ನಾಲ್ಕನೇ ತಂಡ, ಮೂರನೇ ಬಡ್ತಿಗಾಗಿ ನಡೆಯುವ ಪ್ಲೇಆಫ್ ಫೈನಲ್‌ನ ಕೊನೆಯ ಗಳಿಗೆಯ ಗೋಲಿನಿಂದ ಮೇಲೆ ಬಂದದ್ದು. ಇದನ್ನು ಬರೆಯುತ್ತಿರುವುದು 2025ರ ನವೆಂಬರ್ ಬಿಡುವಿನಲ್ಲಿ. 11 ಪಂದ್ಯಗಳಿಗೆ ಸಂಡರ್‌ಲ್ಯಾಂಡ್ 19 ಪಾಯಿಂಟ್, ಲೀಡ್ಸ್ 11, ಬರ್ನ್ಲಿ 10. ಸೆಪ್ಟೆಂಬರಿನ ಆ ಉತ್ತರ ಹೇಗೆ ಬಂತು ಎಂದು ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಬರೆದಿಡುತ್ತೇನೆ. ಪ್ವಾಸಾನ್ (ಎಷ್ಟು ಗೋಲು ಬರಬಹುದು ಎಂಬ ಸಂಭವದ ಸೂತ್ರ), ಎಕ್ಸ್‌ಜಿ (ಹೊಡೆತಗಳ ಗುಣಮಟ್ಟ ನೋಡಿ ನಿರೀಕ್ಷಿಸುವ ಗೋಲು), ಸಿಮ್ಯುಲೇಶನ್ (ಸೀಸನ್ನನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಆಡಿಸುವುದು) ಇವೆಲ್ಲ ಗೊತ್ತಿದ್ದವರಿಗೆ ಮಾತ್ರ ಈ ಬರಹ.

ಮೊದಲು ಎಷ್ಟು ಪಾಯಿಂಟ್ ಬೇಕು ಎಂಬುದು. ಟಿವಿಯಲ್ಲಿ ಇವತ್ತಿಗೂ 40 ಎನ್ನುತ್ತಾರೆ. 2013-14ರಿಂದ 12 ಸೀಸನ್‌ಗಳಲ್ಲಿ 18ನೇ ಸ್ಥಾನದ ತಂಡ ಗಳಿಸಿದ್ದು ಕ್ರಮವಾಗಿ 33, 35, 37, 34, 33, 34, 34, 28, 35, 34, 26, 25. ಸರಾಸರಿ 32 ಚಿಲ್ಲರೆ, ನಡುವಿನ ಅಂಕಿ 34. ಇಷ್ಟೂ ವರ್ಷಗಳಲ್ಲಿ 38 ಗಳಿಸಿ ಕೆಳಗಿಳಿದ ತಂಡ ಒಂದೂ ಇಲ್ಲ. 2002-03ರಲ್ಲಿ ವೆಸ್ಟ್ ಹ್ಯಾಮ್ 42 ಇಟ್ಟುಕೊಂಡೂ ಇಳಿಯಿತಲ್ಲ ಎಂದು ಯಾರಾದರೂ ನೆನಪಿಸುತ್ತಾರೆ. ಅದನ್ನು ಲೆಕ್ಕದಿಂದ ತೆಗೆದರೆ ಏನೂ ಕೆಡುವುದಿಲ್ಲ. ನಾನು ಗುರಿ ಇಡುವುದು 35. ಗೋಲು ವ್ಯತ್ಯಾಸವನ್ನು (ಹೊಡೆದದ್ದರಲ್ಲಿ ಬಿಟ್ಟುಕೊಟ್ಟದ್ದನ್ನು ಕಳೆದು ಉಳಿದದ್ದು) 0.65ರಿಂದ ಗುಣಿಸಿ 52ಕ್ಕೆ ಸೇರಿಸಿದರೆ ಪಾಯಿಂಟ್ ಹತ್ತಿರಹತ್ತಿರ ಸಿಗುತ್ತದೆ. ಅಂದರೆ ವರ್ಷದ ಕೊನೆಗೆ ಮೈನಸ್ 26ರಷ್ಟರಲ್ಲಿ ನಿಂತ ತಂಡ ಗಡಿಯ ಮೇಲಿದೆ ಎಂದು ಅರ್ಥ. 2024-25ರ ಸೌತಾಂಪ್ಟನ್ 26 ಹೊಡೆದು 86 ಬಿಟ್ಟಿತು. ಸೂತ್ರ 13 ಎನ್ನುತ್ತದೆ, ಗಳಿಸಿದ್ದು 12.

ಕೈ ಸುಟ್ಟುಕೊಂಡದ್ದು ಇದರ ಮುಂದಿನ ಹಂತದಲ್ಲಿ. ಚಾಂಪಿಯನ್‌ಶಿಪ್ ಪಾಯಿಂಟ್‌ನಿಂದ ಪ್ರೀಮಿಯರ್ ಲೀಗ್ ಪಾಯಿಂಟ್ ಊಹಿಸುವ ರಿಗ್ರೆಶನ್ ಎಲ್ಲರೂ ಮಾಡಿರುತ್ತಾರೆ, ನಾನೂ ಮಾಡಿದೆ. ಗೆರೆ ಚಪ್ಪಟೆ ಮಲಗುತ್ತದೆ, ಅಂದರೆ ಎರಡಕ್ಕೂ ಸಂಬಂಧವೇ ಕಾಣುವುದಿಲ್ಲ. 2022-23ರ ಬರ್ನ್ಲಿ 101 ಪಾಯಿಂಟ್‌ನಿಂದ ಬಂದು ಮರುವರ್ಷ 24. ಅದೇ ಗುಂಪಿನ ಲೂಟನ್ 80ರಿಂದ ಬಂದು 26. ನಾರ್ವಿಚ್ 97ರಿಂದ 22, ಅದರ ಜೊತೆ ಬಂದ ಬ್ರೆಂಟ್‌ಫರ್ಡ್ 87ರಿಂದ 46. ಆಸ್ಟನ್ ವಿಲ್ಲಾ 76ರಿಂದ 35 ಗಳಿಸಿ ಉಳಿಯಿತು. ಕೆಳಗಿನ ಲೀಗ್‌ನಲ್ಲಿ ಚೆಂಡು ಇಟ್ಟುಕೊಂಡು ಆಡಿ ಗೆದ್ದ ತಂಡಕ್ಕೆ ಮೇಲೆ ಬಂದಾಗ ಚೆಂಡೇ ಸಿಗುವುದಿಲ್ಲ. ಆ 101 ಪಾಯಿಂಟ್ ಅಳೆದದ್ದು ಬೇರೊಂದು ಕೆಲಸವನ್ನು.

ಪಾಯಿಂಟ್ ಬಿಟ್ಟು ಗೋಲುಗಳನ್ನು ಹಿಡಿದೆ. 2022ರಿಂದ ಮೂರು ವರ್ಷ ಬಡ್ತಿ ಪಡೆದ ಒಂಬತ್ತು ತಂಡಗಳಲ್ಲಿ ಪಂದ್ಯಕ್ಕೆ ಹೊಡೆದ ಗೋಲು ಲೂಟನ್ ಹೊರತು ಉಳಿದವಕ್ಕೆ ಸರಾಸರಿ 0.54ರಷ್ಟಕ್ಕೆ ಇಳಿಯಿತು; ಬಿಟ್ಟುಕೊಟ್ಟದ್ದು ಒಂಬತ್ತಕ್ಕೂ ಸೇರಿ ಸರಾಸರಿ 2.2 ಪಟ್ಟು ಏರಿತು. ಸರಾಸರಿ ನೋಡಲು ಚೆಂದ, ಒಳಗೆ ಹರವು ಭಯಂಕರ. ಫುಲಂ ಬಿಟ್ಟುಕೊಟ್ಟದ್ದು ಒಂದೂವರೆ ಪಟ್ಟು, ಶೆಫೀಲ್ಡ್ ಯುನೈಟೆಡ್ ಮೂರು ಪಟ್ಟಿಗೂ ಮೇಲೆ. 38 ಪಂದ್ಯದಲ್ಲಿ 104 ಗೋಲು ಬಿಟ್ಟು ದಾಖಲೆ ಮಾಡಿದ ತಂಡ ಅದು. ಲೂಟನ್‌ನದು ಉಲ್ಟಾ ಕಥೆ: ಕೆಳಗೆ 46 ಪಂದ್ಯದಲ್ಲಿ 57 ಹೊಡೆದವರು ಮೇಲೆ 38ರಲ್ಲೇ 52 ಹೊಡೆದರು, 85 ಬಿಟ್ಟರು. ಇಷ್ಟು ಹರವಿರುವ ಗುಣಕವನ್ನು ನಂಬಿ ಯಾರ ಭವಿಷ್ಯ ಹೇಳುವುದು?

ಕೊನೆಗೆ ಕೆಲಸ ಮಾಡಿದ್ದು ಹಿಂದಿನ ವರ್ಷವನ್ನೇ ಪೂರ್ತಿ ಕೈಬಿಟ್ಟ ಮೇಲೆ. ವರ್ಗಾವಣೆ ಕಿಟಕಿ (ಆಟಗಾರರನ್ನು ಕೊಳ್ಳುವ, ಮಾರುವ ಅವಧಿ) ಮುಚ್ಚುವ ದಿನ, ಅಂದರೆ ಸೆಪ್ಟೆಂಬರ್ 1ಕ್ಕೆ, ಯಾವ 14 ಜನ ಹೆಚ್ಚು ನಿಮಿಷ ಆಡುತ್ತಾರೆ ಎಂದು ಪಟ್ಟಿ ಮಾಡುತ್ತೇನೆ. ಒಂದು ತಂಡಕ್ಕೆ ಸೀಸನ್ ಪೂರ್ತಿ 37,620 ಆಟಗಾರ-ನಿಮಿಷಗಳು. ಸಾಮಾನ್ಯವಾಗಿ ಮುಕ್ಕಾಲಿಗೂ ಹೆಚ್ಚು ಪಾಲನ್ನು 14 ಜನವೇ ನುಂಗುತ್ತಾರೆ. ಆ 14ರ ಮಾರುಕಟ್ಟೆ ಬೆಲೆ ಕೂಡಿ, ಲೀಗ್ ಸರಾಸರಿಯಿಂದ ಭಾಗಿಸಿ, ಲಾಗ್ (ಲಾಗರಿದಮ್) ತೆಗೆದು, ಅದರಿಂದ ಗೋಲು ವ್ಯತ್ಯಾಸವನ್ನು ಊಹಿಸುತ್ತೇನೆ. ಸಂಬಳದ ಮೊತ್ತ ಇದಕ್ಕಿಂತ ಒಳ್ಳೆಯ ಅಳತೆ, ಆದರೆ ಕ್ಲಬ್‌ಗಳ ಲೆಕ್ಕಪತ್ರ ಹೊರಬರುವಷ್ಟರಲ್ಲಿ ಆ ತಂಡವೇ ಬದಲಾಗಿರುತ್ತದೆ.

ಇದರಲ್ಲೂ ಮೂರು ಸಲ ತಪ್ಪಿದೆ.

ಮೊದಲನೆಯದು ಇಡೀ ತಂಡದ ಬೆಲೆ ತೆಗೆದುಕೊಂಡದ್ದು. 2022ರ ಬೇಸಿಗೆಯಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್ 20ಕ್ಕೂ ಹೆಚ್ಚು ಜನರನ್ನು ತಂದಿತು. ಬಡ್ತಿ ತಂದುಕೊಟ್ಟ ಲೋನ್ ಆಟಗಾರರು (ಬೇರೆ ಕ್ಲಬ್‌ನಿಂದ ಎರವಲು ಬಂದವರು) ವಾಪಸ್ ಹೋಗಿದ್ದರಿಂದ ಅವರಿಗೆ ಬೇರೆ ದಾರಿಯೂ ಇರಲಿಲ್ಲ. ಬೆಂಚಿನಲ್ಲೂ ಕೂರದವರ ಬೆಲೆಯೆಲ್ಲ ಸೇರಿ ನನ್ನ ಶೀಟಿನಲ್ಲಿ ಅವರು 11ನೇ ಸ್ಥಾನದ ತಂಡವಾಗಿದ್ದರು. ಕೊನೆಗೆ ಉಳಿದದ್ದು 38 ಪಾಯಿಂಟ್, 16ನೇ ಸ್ಥಾನ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎನ್ನುವ ಗಾದೆಯನ್ನು ಶೀಟಿಗೆ ಹಾಕಿದ್ದೇ ಆ ವರ್ಷ. 14 ಎಂಬ ಮಿತಿ ಬಂದದ್ದು ಅಲ್ಲಿಂದ. 11 ಇಟ್ಟರೆ ಗಾಯಾಳುಗಳು ಲೆಕ್ಕ ಕೆಡಿಸುತ್ತಾರೆ, 18 ಇಟ್ಟರೆ ಮತ್ತೆ ಫಾರೆಸ್ಟ್ ಕಥೆ.

ಎರಡನೆಯದು ವಯಸ್ಸು. ಮಾರುಕಟ್ಟೆ ಬೆಲೆ ಎಂದರೆ ಮರುಮಾರಾಟದ ಬೆಲೆ. 29 ದಾಟಿದವನ ಬೆಲೆ ಬೀಳುತ್ತದೆ, ಆಟ ಅಷ್ಟು ಬೇಗ ಬೀಳುವುದಿಲ್ಲ. 20 ವರ್ಷದ ಹುಡುಗನ ಬೆಲೆಯಲ್ಲಿ ಐದು ವರ್ಷದ ಮುಂದಿನ ಆಸೆ ಸೇರಿರುತ್ತದೆ. ಈ ಡಿಸೆಂಬರಿಗೆ ಬೇಕಾದ ತಂಡಕ್ಕೆ ಆ ಆಸೆಯಿಂದ ಪ್ರಯೋಜನವಿಲ್ಲ. 2023ರ ಬರ್ನ್ಲಿ ಹುಡುಗರ ಮೇಲೇ ಹಣ ಸುರಿದಿತ್ತು, ನನ್ನ ಹಳೆಯ ಶೀಟು ಅದನ್ನು ಮೆಚ್ಚಿ 17ರೊಳಗೆ ಇಟ್ಟಿತ್ತು. ಈಗ 29ರ ಮೇಲಿನವರಿಗೆ ಬೆಲೆ ಏರಿಸಿ, 21ರ ಕೆಳಗಿನವರಿಗೆ ಇಳಿಸಿ, ಜೊತೆಗೆ ಯುರೋಪಿನ ಐದು ದೊಡ್ಡ ಲೀಗ್‌ಗಳಲ್ಲಿ ಕಳೆದ ಎರಡು ವರ್ಷ ಆಡಿದ ನಿಮಿಷಕ್ಕೆ ಅಂಕ ಕೊಡುತ್ತೇನೆ. ಎಷ್ಟು ಏರಿಸುತ್ತೇನೆ, ಎಷ್ಟು ಅಂಕ ಎಂಬುದು ಮಾತ್ರ ನನ್ನ ಹತ್ತಿರವೇ ಇರಲಿ. ನಾಲ್ಕು ವರ್ಷದ ತಿದ್ದುಪಡಿ ಅದು. ದಿಕ್ಕು ಹೇಳಿದ್ದೇನೆ, ಹಿಂದಿನ ಸೀಸನ್‌ಗಳ ಮೇಲೆ ಓಡಿಸಿದರೆ ನಿಮಗೂ ಸಿಗುತ್ತದೆ.

ಸಂಡರ್‌ಲ್ಯಾಂಡ್ ಮೇಲೆದ್ದದ್ದು ಈ ಒಂದು ತಿದ್ದುಪಡಿಯಿಂದ. 32 ವರ್ಷದ ಗ್ರಾನಿಟ್ ಝಾಕಾ ಲೆವರ್‌ಕೂಸನ್‌ನಿಂದ, ರೈನಿಲ್ಡೋ ಅಟ್ಲೆಟಿಕೋ ಮ್ಯಾಡ್ರಿಡ್‌ನಿಂದ, ಮುಕಿಯೆಲೆ ಪಿಎಸ್‌ಜಿಯಿಂದ, ಅಲ್ಡೆರೆಟೆ ಗೆಟಾಫೆಯಿಂದ ಬಂದರು. ಬೆನ್ನುಮೂಳೆಯ ಜಾಗಗಳಿಗೆಲ್ಲ ದೊಡ್ಡ ಲೀಗ್‌ನಲ್ಲಿ ಸಾವಿರಾರು ನಿಮಿಷ ಆಡಿದವರು. ಜೂನ್‌ನಲ್ಲಿ 20ರ ಆಸುಪಾಸು ಇದ್ದ ಸಾಧ್ಯತೆ ಒಬ್ಬೊಬ್ಬರು ಸಹಿ ಮಾಡಿದಂತೆ ಏರುತ್ತಾ ಹೋಯಿತು. ಬರ್ನ್ಲಿಯ 16 ಗೋಲಿನ ದಾಖಲೆಗೆ ನನ್ನ ಶೀಟಿನಲ್ಲಿ ಕಾಲಮ್ಮೇ ಇಲ್ಲ.

ಮೂರನೆಯ ತಪ್ಪು ಸಿಮ್ಯುಲೇಶನ್‌ನದು. ಎಷ್ಟೋ ಜನ ಇನ್ನೂ ಇದನ್ನೇ ಮಾಡುತ್ತಿದ್ದಾರೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ. ತಂಡಕ್ಕೆ ಒಂದು ಶಕ್ತಿ ನಿಗದಿ ಮಾಡಿ, 380 ಪಂದ್ಯಗಳನ್ನೂ ಹತ್ತು ಸಾವಿರ ಸಲ ಆಡಿಸಿದರೆ ಉತ್ತರ ಅತಿ ಧೈರ್ಯದ್ದು ಬರುತ್ತದೆ. ನೂರಕ್ಕೆ 4, ನೂರಕ್ಕೆ 96, ಹೀಗೆ. ಕಾರಣ, ಪಂದ್ಯದ ಅದೃಷ್ಟವನ್ನಷ್ಟೇ ಅದು ಎಣಿಸುತ್ತದೆ. ನಾವು ಕೊಟ್ಟ ಶಕ್ತಿಯೇ ತಪ್ಪಿರಬಹುದು ಎಂಬುದನ್ನು ಎಣಿಸುವುದಿಲ್ಲ. 38 ಪಂದ್ಯಗಳ ಅದೃಷ್ಟದಿಂದ ಬರುವ ಏರಿಳಿತ ಸುಮಾರು 7 ಪಾಯಿಂಟ್. ಬಡ್ತಿ ತಂಡದ ಶಕ್ತಿಯನ್ನು ನಾವು ತಪ್ಪು ತಿಳಿದಿರುವುದರಿಂದ ಬರುವುದೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ವರ್ಗ ಮಾಡಿ ಕೂಡಿ ಮೂಲ ತೆಗೆದರೆ 10. ಪ್ರತಿ ಓಟದ ಮೊದಲು ಪ್ರತಿ ತಂಡದ ಗೋಲು ದರಕ್ಕೆ ಒಂದು ಯಾದೃಚ್ಛಿಕ ಗುಣಕ ಹಾಕಿ, ಆ ಸೀಸನ್ ಮುಗಿಯುವವರೆಗೆ ಅದನ್ನೇ ಇಡಬೇಕು. ಲಾಗ್‌ನಲ್ಲಿ ಬಡ್ತಿ ತಂಡಕ್ಕೆ 0.15, ಹಳಬರಿಗೆ (ಮೊದಲಿನಿಂದ ಈ ಲೀಗ್‌ನಲ್ಲಿರುವ ತಂಡಗಳಿಗೆ) 0.10ರಷ್ಟು ಹರವು ಸಾಕು. ಕಡಿಮೆ ಗೋಲಿನ ಡ್ರಾಗಳನ್ನು ಬರೀ ಪ್ವಾಸಾನ್ ಕಮ್ಮಿ ಎಣಿಸುತ್ತದೆ, ಅದನ್ನು ಸರಿಪಡಿಸುವ ಡಿಕ್ಸನ್-ಕೋಲ್ಸ್ ತಿದ್ದುಪಡಿ ಮರೆಯಬೇಡಿ. ಶೀಟಿನಲ್ಲೇ ಹತ್ತು ಸಾವಿರ ಓಟ ಓಡಿಸಲು ಹೋದರೆ ಬ್ರೌಸರ್ ಮಲಗುತ್ತದೆ. ಎರಡು ಸಾವಿರ ಸಾಕು, ಇಲ್ಲವೇ 60 ಸಾಲಿನ ಪೈಥಾನ್. ಇದಕ್ಕೆಂದು ಬಾಡಿಗೆ ಸರ್ವರ್ ಹಿಡಿದದ್ದು ತಿಂಗಳಿಗೆ ಆರುನೂರು ರೂಪಾಯಿ ದಂಡ.

ಅದಕ್ಕಿಂತ ದೊಡ್ಡ ದಂಡ ಹೊಡೆತ ಹೊಡೆತದ ಡೇಟಾ ಕೊಂಡದ್ದು. ಎಂಟು ತಿಂಗಳಿಗೆ 15-16 ಸಾವಿರ ಹೋಯಿತು. ಪುಕ್ಕಟೆ ಸಿಗುವ ಪಂದ್ಯವಾರು ಎಕ್ಸ್‌ಜಿಯಿಂದ ಪೆನಾಲ್ಟಿ ಕಳೆದು, ಹತ್ತೇ ಜನ ಆಡಿದ ನಿಮಿಷಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಉತ್ತರ ಅರ್ಧ ಪಾಯಿಂಟೂ ಬದಲಾಗಲಿಲ್ಲ.

ಸೀಸನ್ ಶುರುವಾದ ಮೇಲೆ ಹೊಸ ಅಂಕಿಗಳಿಗೆ ಕೊಡುವ ತೂಕ: ಆಡಿದ ಪಂದ್ಯ ಭಾಗಿಸು ಆಡಿದ ಪಂದ್ಯ ಕೂಡಿಸು 12. ಈಗ 11 ಪಂದ್ಯಕ್ಕೆ 11/23, ಅಂದರೆ ನೂರಕ್ಕೆ 48. ಉಳಿದದ್ದು ಸೆಪ್ಟೆಂಬರ್ ಪಟ್ಟಿಗೆ. ಮೂರು ಪಂದ್ಯ ಸೋತ ಕೂಡಲೇ ಶೀಟು ತಿದ್ದುವವರ ಕಾಯಿಲೆಗೆ ಇದೇ ಮದ್ದು.

ಇನ್ನು ಎದುರಾಳಿಗಳು. ಇಳಿಯುವುದು ಮೂರು ತಂಡ. ಹಾಗಾಗಿ ಬಡ್ತಿ ತಂಡ ಎಷ್ಟು ಚೆನ್ನಾಗಿದೆ ಎನ್ನುವುದು ಅರ್ಧ ಪ್ರಶ್ನೆ. ಕೆಟ್ಟ ಹಳಬ ಯಾರು? 2024-25ರಲ್ಲಿ ಅಂಥವರೇ ಇರಲಿಲ್ಲ. 17ನೇ ಸ್ಥಾನದ ಟಾಟನ್‌ಹ್ಯಾಮ್ 38, 18ರ ಲೆಸ್ಟರ್ 25. ನಡುವೆ 13 ಪಾಯಿಂಟಿನ ಹಳ್ಳ. ಬಡ್ತಿ ಪಡೆದ ಮೂರೂ ಇಳಿದವು, ಹಿಂದಿನ ವರ್ಷವೂ ಹಾಗೇ ಆಗಿತ್ತು. ಎರಡು ವರ್ಷ ನೋಡಿ ಇನ್ನು ಮೇಲೆ ಯಾರೂ ಉಳಿಯುವುದಿಲ್ಲ ಎಂದವರು 2022-23ರಲ್ಲಿ ಮೂರೂ ಉಳಿದದ್ದನ್ನು ಮರೆತಿದ್ದರು. 2022-23 ಸೇರಿ ಅಲ್ಲಿಯವರೆಗಿನ ಹತ್ತು ವರ್ಷ ಕೂಡಿದರೆ 30ರಲ್ಲಿ 17 ಉಳಿದಿವೆ. ಈ ಸಲ ಹಳಬರ ಪಟ್ಟಿಯನ್ನೂ ಅದೇ 14ರ ಲೆಕ್ಕಕ್ಕೆ ಹಾಕಿದೆ. ಕುನ್ಯಾ, ಐಟ್-ನೂರಿ ಇಬ್ಬರನ್ನೂ ಮಾರಿದ ವುಲ್ವ್ಸ್ ನೆಲ ಕಚ್ಚುವುದು ಸರಿಯಾಗಿ ಬಂತು: 11 ಪಂದ್ಯಕ್ಕೆ 2 ಪಾಯಿಂಟ್. ಬ್ರೆಂಟ್‌ಫರ್ಡ್ ವಿಷಯದಲ್ಲಿ ಪೂರ್ತಿ ತಪ್ಪಿದೆ. ಎಂಬ್ಯುಮೊ, ವಿಸ್ಸಾ, ಕೋಚ್ ಥಾಮಸ್ ಫ್ರಾಂಕ್ ಎಲ್ಲ ಹೋದರೆಂದು 18ಕ್ಕೆ ಇಟ್ಟಿದ್ದೆ. ಅವರು ಆರಾಮಾಗಿ ಮಧ್ಯದಲ್ಲಿದ್ದಾರೆ. ಚೆನ್ನಾಗಿ ಆಯ್ದು ಕೊಳ್ಳುವ ಕ್ಲಬ್‌ಗೆ ಮಾರಿದ ನಷ್ಟ ಅರ್ಧಕ್ಕರ್ಧ ಕಡಿಮೆ ಹಿಡಿಯಬೇಕು ಎನಿಸುತ್ತಿದೆ. ಹಾಗೆ ತಿದ್ದಿದರೆ ಹಳೆಯ ಸೀಸನ್‌ಗಳು ಹೇಗೆ ಕಾಣುತ್ತವೆ ಎಂದು ಇನ್ನೂ ಓಡಿಸಬೇಕು.

ಮಿತಿ ಮೀರಿ ನಷ್ಟ ಮಾಡಿದ ಕ್ಲಬ್‌ಗೆ ಬೀಳುವ ಪಾಯಿಂಟ್ ಕಡಿತಕ್ಕೂ ಒಂದು ಕಾಲಮ್ ಇಡಿ. 2025-26ರವರೆಗೆ ಹಳಬರಿಗೆ ಮೂರು ವರ್ಷಕ್ಕೆ 10.5 ಕೋಟಿ ಪೌಂಡ್ ನಷ್ಟದ ಮಿತಿ ಇತ್ತು. ಕೆಳಗಿನ ಲೀಗ್‌ನಲ್ಲಿ ಕಳೆದ ಒಂದೊಂದು ವರ್ಷಕ್ಕೂ 3.5 ಕೋಟಿಯ ಬದಲು 1.3 ಕೋಟಿ ಮಾತ್ರ. ಎರಡು ವರ್ಷ ಕೆಳಗಿದ್ದು ಬಂದವರಿಗೆ ಮಿತಿ 6.1 ಕೋಟಿ. ಫಾರೆಸ್ಟ್ ಅದನ್ನು 3.45 ಕೋಟಿ ಮೀರಿ 2023-24ರಲ್ಲಿ 4 ಪಾಯಿಂಟ್ ಕಳೆದುಕೊಂಡಿತು, ಆದರೂ 32ರಲ್ಲಿ ಉಳಿಯಿತು. ಲೂಟನ್ ಕೈ ಬಿಗಿ ಹಿಡಿದೇ ಇಳಿಯಿತು. ಮರುವರ್ಷ ಇನ್ನೂ ಒಂದು ಮೆಟ್ಟಿಲು ಕೆಳಗೆ ಹೋಯಿತು. ಒಂದೇ ವರ್ಷಕ್ಕೆ ಇಳಿದವರಿಗೆ ಪ್ಯಾರಾಶೂಟ್ ಹಣ (ಇಳಿದ ತಂಡಕ್ಕೆ ಲೀಗ್ ಕೊಡುವ ನೆರವು) ಮೂರರ ಬದಲು ಎರಡೇ ವರ್ಷ, ಟಿವಿ ಹಣದ ಸಮಪಾಲಿನ 55 ಮತ್ತು 45 ಪರ್ಸೆಂಟ್. ಹಾಗಾಗಿ ಮೊದಲ ವರ್ಷ ಹಣ ಉಳಿಸುವುದು ಅಂದುಕೊಂಡಷ್ಟು ಜಾಣತನವಲ್ಲ.

ಪಕ್ಕದ ಪ್ರಯೋಗಗಳು ಎರಡು ಮೂರು. ಕೋಚ್ ಬದಲಾವಣೆಯ ಲಾಭ ಹುಡುಕಿದೆ: ಸೋಲಿನ ಸರಣಿಯ ಕೊನೆಗೆ ಬದಲಿಸುವುದರಿಂದ ಏನು ಮಾಡಿದರೂ ಸ್ವಲ್ಪ ಏರಿದಂತೆ ಕಾಣುತ್ತದೆ. ಬದಲಿಸದ ತಂಡಗಳೂ ಅಷ್ಟೇ ಏರುತ್ತವೆ. 2022ರಲ್ಲಿ ಲಿವರ್‌ಪೂಲ್ ವಿರುದ್ಧ 9-0 ಸೋತ ಬೋರ್ನ್‌ಮತ್ ಕೋಚ್ ಬದಲಿಸಿ ಉಳಿದದ್ದು ನಿಜ. ಸೌತಾಂಪ್ಟನ್, ಶೆಫೀಲ್ಡ್ ಬದಲಿಸಿಯೂ ಇಳಿದವು. ಪ್ರಯಾಣದ ದೂರ, ಮಳೆ: ಶೂನ್ಯ. ತವರಿನ ಲಾಭ ಅಳೆಯುವಾಗ ಪ್ರೇಕ್ಷಕರಿಲ್ಲದ 2020-21ನ್ನು ತೆಗೆಯದಿದ್ದರೆ ಕೆಡುತ್ತದೆ, ಆ ವರ್ಷ ತವರಿನ ಗೆಲುವಿಗಿಂತ ಹೊರಗಿನ ಗೆಲುವೇ ಹೆಚ್ಚು. ಇನ್ನು 2020ರ ಜೂನ್‌ನಲ್ಲಿ ವಿಲ್ಲಾ ಪಾರ್ಕಿನಲ್ಲಿ ಗೆರೆ ದಾಟಿದ ಚೆಂಡನ್ನು ಗೋಲು-ಗೆರೆ ಯಂತ್ರ ಕಾಣದೇ ಹೋದದ್ದು, ಆಸ್ಟನ್ ವಿಲ್ಲಾ ಒಂದೇ ಪಾಯಿಂಟ್‌ನಿಂದ ಉಳಿದದ್ದು! ಅದಕ್ಕೆ ಯಾವ ಕಾಲಮ್ ಇಡುವುದು?

2025ರ ನವೆಂಬರ್ ಬಿಡುವಿನ ಸ್ಥಿತಿ. ಸಂಡರ್‌ಲ್ಯಾಂಡ್‌ಗೆ 35 ಮುಟ್ಟಲು 27 ಪಂದ್ಯಗಳಲ್ಲಿ 16 ಪಾಯಿಂಟ್ ಸಾಕು, ಪಂದ್ಯಕ್ಕೆ 0.59. ಕಳೆದ ವರ್ಷ ಇಳಿದ ಲೆಸ್ಟರ್‌ನ ವೇಗವೇ 0.66 ಇತ್ತು. ಶೀಟು ನೂರಕ್ಕೆ 94 ಎನ್ನುತ್ತಿತ್ತು. ಆದರೆ ಡಿಸೆಂಬರ್ 21ರಿಂದ ಜನವರಿ 18ರವರೆಗೆ ಮೊರಾಕ್ಕೋದಲ್ಲಿ ಆಫ್ರಿಕಾ ಕಪ್. ಸಂಡರ್‌ಲ್ಯಾಂಡ್‌ನ ಸಡಿಕಿ, ರೈನಿಲ್ಡೋ, ಡಿಯಾರಾ, ತಾಲ್ಬಿ, ಟ್ರಾವೋರೆ, ಮಸುವಾಕು ಎಲ್ಲರೂ ತಮ್ಮ ದೇಶಕ್ಕೆ ಆಯ್ಕೆಯಾದರೆ 14ರ ಪಟ್ಟಿಯಲ್ಲಿ ದೊಡ್ಡ ತೂತು. ಆ ಆರೇಳು ಪಂದ್ಯಗಳಿಗೆ ಬೇರೆಯೇ ಪಟ್ಟಿ ಕಟ್ಟಿ ಓಡಿಸಿದೆ: 91. ಲೀಡ್ಸ್ 54ಕ್ಕೆ ಬಂದಿದೆ, ಬರ್ನ್ಲಿ 33ರಲ್ಲೇ ನಿಂತಿದೆ. ಮುಂದಿನ ತಿದ್ದುಪಡಿ ಜನವರಿ ಕಿಟಕಿ ಮುಚ್ಚಿದ ಮೇಲೆ.