ಜಮೀನು ಕೊಳ್ಳದೇ ಆನೆ ದಾರಿ ಉಳಿಸಿದ್ದು: ನನ್ನ ಅನುಭವ

ಆನೆ ದಾರಿಗೆ ಯಾವ ಕಂಪನಿಯೂ ದುಡ್ಡು ಕೊಡಲ್ಲ, ಶಾಲೆಗೆ ಬಣ್ಣ ಹೊಡೆಸೋಕೆ ಕೇಳಿ ಅಂತ ನಮ್ಮ ಕಡೆ ಎಲ್ಲರೂ ಹೇಳಿದ್ದರು. ಈಗ ಬಿಳಿಗಿರಿರಂಗನ ಬೆಟ್ಟದಿಂದ ಮಲೆ ಮಹದೇಶ್ವರ ಬೆಟ್ಟದ ಕಡೆ ಆನೆ ದಾಟುವಲ್ಲಿ ಹದಿನೆಂಟು ಎಕರೆಯಷ್ಟು ಬೇಲಿಯಿಲ್ಲದೆ ಉಳಿದಿದೆ. ದುಡ್ಡು ಕಂಪನಿಯದೇ.

ಮೊದಲು ಜಮೀನು ಕೊಳ್ಳಲು ಓಡಾಡಿದೆವು. ಎಡೆಯಾರಹಳ್ಳಿ–ದೊಡ್ಡಸಂಪಿಗೆ ಆನೆ ಕಾರಿಡಾರಿನಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಅನ್ನೋ ಸಂಸ್ಥೆ ಸುಮಾರು 25 ಎಕರೆ ಕೊಂಡು ಅರಣ್ಯ ಇಲಾಖೆಗೆ ಒಪ್ಪಿಸಿತ್ತಲ್ವಾ, ಹಾಗೇ ಮಾಡೋಣ ಅಂತ. ನಮಗೆ ಆಗಲಿಲ್ಲ. ಪಹಣಿ ತಾತನ ಹೆಸರಲ್ಲಿ, ಪೋಡಿ ಆಗಿಲ್ಲ (ಪಾಲು ಅಳೆದು ಬೇರೆ ಮಾಡಿಲ್ಲ), ಅಣ್ಣತಮ್ಮಂದಿರು ಊರಲ್ಲಿಲ್ಲ. 2021ರ ನಿಯಮ ಬಂದ ಮೇಲೆ ಸಿಎಸ್‌ಆರ್ ದುಡ್ಡಿನ, ಅಂದರೆ ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡಿನ, ಆಸ್ತಿ ಕಂಪನಿ ಹೆಸರಲ್ಲಿ ಇರುವಂತಿಲ್ಲ. ಆಸ್ತಿ ಅಂದರೆ ಸಾಕು, ಅವರ ವಕೀಲರು ಹಿಂದೆ ಸರಿಯುತ್ತಿದ್ದರು. ಸರ್ವೆ, ಓಡಾಟ, ಬಣ್ಣದ ಪುಸ್ತಕ ಅಂತ ಒಂದೂವರೆ ಲಕ್ಷ ಹೋಯಿತು. ಒಂದು ಕಂಪನಿ ಒಪ್ಪಿತ್ತು, ಆದರೆ ಆನೆ ದಾಟುವಲ್ಲೇ ತಮ್ಮ ಹೆಸರಿನ ಬೋರ್ಡು, ಅದಕ್ಕೆ ರಾತ್ರಿ ಲೈಟು ಬೇಕಂತೆ. ಬೇಡ ಅಂದೆವು.

ಆಮೇಲೆ ಗುತ್ತಿಗೆಗೆ ತಿರುಗಿದೆವು. ಜಮೀನು ನಿಮ್ಮದೇ, ಬೆಳೆ ಬೇಡ, ಬೇಲಿ ಬೇಡ, ಎಕರೆಗೆ ವರ್ಷಕ್ಕೆ ಹದಿನೈದು ಸಾವಿರದ ಆಸುಪಾಸು. ಮುಸುಕಿನ ಜೋಳ ಹಾಕಿ, ಅಟ್ಟಣೆ ಮೇಲೆ ನಿದ್ದೆಗೆಟ್ಟು, ಕೊನೆಗೆ ಆನೆ ಪಾಲು ಮಾಡುತ್ತಿದ್ದವರಿಗೆ ಈ ಲೆಕ್ಕ ಬಿಡಿಸಿ ಹೇಳಬೇಕಾಗಲಿಲ್ಲ. ಒಬ್ಬ ಯಜಮಾನರು ಮಾತ್ರ, "ಸಾ, ನಾಳೆ ಫಾರೆಸ್ಟ್‌ನೋರು ಬಂದು ಇದು ನಮ್ದು ಅಂದ್ರೆ ಏನ್ ಮಾಡದು?" ಅಂದರು. ನ್ಯಾಯವಾದ ಭಯ. 'ಯಾವ ವರ್ಷ ಬೇಕಾದರೂ ಬಿಡಬಹುದು' ಅಂತ ಸೇರಿಸಿ, ಇಡೀ ಕರಾರನ್ನು ಗ್ರಾಮಸಭೆಯಲ್ಲಿ ಓದಿಸಿದೆವು. ಸಹಿಗಳು ಬಿದ್ದವು.

ಊರು ಒಲಿದಿದ್ದು ಸ್ಲೈಡ್ ಷೋಗಲ್ಲ, ಕಂಸಾಳೆಗೆ. ಮಾದಪ್ಪ ಹುಲಿ ಏರುವ ದೇವರು, ಅವನ ಬೆಟ್ಟದ ದಾರಿ ಮುಚ್ಚಬಾರದು ಅಂತ ಕಂಸಾಳೆಯವರೇ ಪದ ಕಟ್ಟಿ ಹಾಡಿದರು.

ಗ್ರಾಮಸಭೆ ನಡಾವಳಿಯ ಪ್ರತಿ ಕೈಯಲ್ಲಿದ್ದಾಗ ಕಂಪನಿಯ ಮಾತೇ ಬದಲಾಯಿತು. ನೀವೂ ಕಂಪನಿ ಹತ್ತಿರ ಕೇಳಲು ಹೋಗುವುದಾದರೆ, ಲೆಕ್ಕದ ವರ್ಷ ಮುಗಿಯುವ ಮಾರ್ಚ್‌ನಲ್ಲಿ ಹೋಗಬೇಡಿ. ಆಗ ಸಿಗೋದು ಉಳಿಕೆ ದುಡ್ಡು, ಒಂದೇ ವರ್ಷಕ್ಕೆ. ನಾವು ಚಾಲ್ತಿ ಯೋಜನೆ, ಅಂದರೆ ಒಂದು ವರ್ಷಕ್ಕೆ ಮುಗಿಯದ ಕೆಲಸ, ಅಂತ ಬರೆಸಿ ಮೂರು ವರ್ಷಕ್ಕೆ ಒಪ್ಪಿಸಿದೆವು. ಅವರನ್ನು ಮೊದಲು ಯಾರ ಮನೆಗೆ ಕರೆದುಕೊಂಡು ಹೋದೆವು ಅನ್ನೋದನ್ನು ಮಾತ್ರ ಇಲ್ಲಿ ಬರೆಯಲ್ಲ.

ನಡುವೆ ಅಂಚಿನ ಹೊಲಗಳಿಗೆ ಆನೆ ಬರದಿರಲಿ ಅಂತ ಮೆಣಸಿನಪುಡಿ, ಹಳೇ ಆಯಿಲ್ ಸವರಿದ ಹಗ್ಗವನ್ನೂ ಕಟ್ಟಿ ನೋಡಿದೆವು. ಒಣ ದಿನಗಳಲ್ಲಿ ಚೆನ್ನಾಗಿತ್ತು, ಮಳೆ ಬಿದ್ದ ಮೇಲೆ ಮತ್ತೆ ಮತ್ತೆ ಸವರಬೇಕು. ಲಂಟಾನ ಕಳೆ ಕಿತ್ತು ಸೋಲಿಗರಿಂದ ಬುಟ್ಟಿ ಹೆಣೆಸಿದ್ದು ಅದಕ್ಕಿಂತ ವಾಸಿ, ಕೂಲಿ ಗಿಟ್ಟಿತು.

ಪಕ್ಕದ ಸರ್ವೆ ನಂಬರಿನವರು ಈಗ ತಾವೇ ಬಂದು ಕೇಳುತ್ತಿದ್ದಾರೆ. ಅವರನ್ನು ಸೇರಿಸಿಕೊಳ್ಳಲು ವರ್ಷಕ್ಕೆ ಇನ್ನೂ ಒಂದು ಲಕ್ಷವಾದರೂ ಬೇಕು.